ನಾಲ್ಕು ಸೆಕೆಂಡಿನ ನಗು

ಡೊಂಬಿವಲಿ ಪೂರ್ವ
೨೧ ಜುಲೈ ೨೦೧೩

ಪ್ರೀತಿಯ ಮುಕ್ತಾ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬೈದುಕೋ, ಆದರೆ ಇದನ್ನು ಪೂರ್ತಿ ಓದು. ಮೊನ್ನೆ ಲತೀಶನ ವರ್ಷಾಂತಿಕ ಮುಗಿಯಿತು. ನಿನ್ನ ಭಾವ ಎಂದಿನಂತೆ ಹೋಟೆಲಿಗೆ ಹೋಗುತ್ತಾರೆ, ಮಾತು ಮಾತ್ರ ಕಡಿಮೆ.

ಆ ನ್ಯೂಸ್ ಚಾನೆಲ್‌ನ ಹುಡುಗಿ ಮತ್ತೆ ಬಂದಿದ್ದಳು. ಕಳೆದ ವರ್ಷ, ಮಗ ಕಳವಾ ಹತ್ತಿರ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡ ಮೂರನೇ ದಿನ ಬಂದಿದ್ದವಳೇ. ಸೂತಕದ ಮನೆಯಲ್ಲಿ ಹೊರಗಿನವರಿಗೆ ಏನೂ ಕೊಡಬಾರದೆಂದು ನನಗೆ ಗೊತ್ತಿಲ್ಲವೇ? ಆದರೆ ಇಪ್ಪತ್ತಾರು ವರ್ಷ ಹೋಟೆಲಿನವರ ಹೆಂಡತಿ ನಾನು. ಬಾಗಿಲಲ್ಲಿ ಜನ ಕಂಡರೆ ಕೈ ತಾನಾಗಿ ಫಿಲ್ಟರಿಗೆ ಹೋಗುತ್ತದೆ. ಅವಳಿಗೂ ಜೊತೆಗಿದ್ದ ಕ್ಯಾಮೆರಾದವನಿಗೂ ಕಾಫಿ ಕೊಟ್ಟೆ. ಒಂದು ಗಂಟೆ ಅಳುತ್ತಾ ಮಾತಾಡಿದೆ. ರೈಲಿನ ನೂಕುನುಗ್ಗಲು, ಬಾಗಿಲಲ್ಲಿ ನೇತಾಡುವ ಮಕ್ಕಳು, ಎಲ್ಲ ಹೇಳಿದೆ. ಅದು ಯಾವುದೂ ಟಿವಿಯಲ್ಲಿ ಬರಲಿಲ್ಲ. ಕಾಫಿ ಕೊಟ್ಟಾಗಿನ ನಾಲ್ಕು ಸೆಕೆಂಡಿನ ನಗು ಬಂತು. ಹಿಂದೆ ಢಂ ಢಂ ಸಂಗೀತ, ಕೆಳಗೆ ಕೆಂಪು ಅಕ್ಷರ: 'ಮಗ ಸತ್ತರೂ ನಗುವ ತಾಯಿ!' ದಿನವಿಡೀ ಅದೇ. ನಮ್ಮ ಬಿಲ್ಡಿಂಗಿನ ಚಂದ್ರಬಾಯಿ ನನ್ನನ್ನು ಬೈಯುತ್ತಾ ಊಟ ಬಿಟ್ಟು ನೋಡಿದಳಂತೆ. ಬೈಯಲಿಕ್ಕಾದರೂ ನೋಡುತ್ತಾರಲ್ಲ, ಚಾನೆಲಿನವರಿಗೆ ಅಷ್ಟೇ ಸಾಕು.

ಈಗ ಬಂದು ಹೇಳುತ್ತಾಳೆ: "ಆಂಟಿ, ನಿಮ್ಮ ಹೆಸರು ಸರಿಮಾಡೋಣ. ಫೋಟೊ ಎದೆಗೆ ಹಿಡಿದುಕೊಳ್ಳಿ. ಲತೀಶ್ ಅನ್ನುವಾಗ ಸ್ವಲ್ಪ ಅಳಿ. ಒಮ್ಮೆಗೆ ಬರದಿದ್ದರೆ ಇನ್ನೊಮ್ಮೆ ತೆಗೆಯೋಣ."

"ಒಂದು ಸಲ ಅತ್ತುಬಿಡು ಮಾರಾಯ್ತಿ, ಜನರ ಬಾಯಿ ಮುಚ್ಚುತ್ತದೆ" ಅಂದರು ನಿನ್ನ ಭಾವ.

ನಾನು ಅಳಲಿಲ್ಲ. "ಕಾಫಿ ಕುಡಿದು ಹೋಗಮ್ಮಾ. ನಿನ್ನ ಕ್ಯಾಮೆರಾ ರೆಡಿ ಆದಾಗ ಬರುವ ಅಳು ನನ್ನ ಹತ್ತಿರ ಇಲ್ಲ" ಅಂದೆ. ಲೋಟ ಅವಳ ಕೈಗಿಟ್ಟು ಬೇಕಂತಲೇ ನಕ್ಕೆ. ಅದನ್ನೂ ತೆಗೆದುಕೊಂಡಳೋ ಏನೋ, ಹಾಕಲಿ! ಮರುದಿನ ಹೋಟೆಲಿನ ಗೋಡೆಯ ಟಿವಿ ಇಳಿಸಿಬಿಟ್ಟೆ. ಗಿರಾಕಿಗಳು ಗೊಣಗುತ್ತಾರೆ, ಇಡ್ಲಿ ತಿಂದು ಹೋಗುತ್ತಾರೆ.

ನಿನ್ನ ಮೊಣಕಾಲು ನೋಡಿಕೋ. ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ಅಕ್ಕ,
ವಿನೋದಾ

ತಾ.ಕ.: ಊರಿಡೀ ಕೇಳಲಿ, ನೀನು ಕೇಳಬಾರದಿತ್ತು ಮುಕ್ತಾ. ಎರಡು ಕಾಗದದಲ್ಲೂ ಅದೇ ಬರೆದಿದ್ದೀ: 'ಅಕ್ಕ, ನೀನು ನಿಜವಾಗಿ ನಕ್ಕೆಯಾ?' ನಿನ್ನ ಮಡಿಲಲ್ಲಿ ಆಡಿದ ಮಗು ಅವನು. ಹೌದು, ನಕ್ಕೆ. ಕಳೆದ ವರ್ಷ ಆ ದಿನ, ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಓಡುತ್ತಿದ್ದಾಗಲೇ ಕ್ಯಾಮೆರಾದವನು ಕಾಫಿ ಬಾಯಿಗಿಟ್ಟು, "ಆಂಟಿ, ಇನ್ನೊಂದು ಚಮಚ ಸಕ್ಕರೆ" ಅಂದ. ದಿನಾ ಬೆಳಿಗ್ಗೆ ಲತೀಶ ಕೇಳುತ್ತಿದ್ದ ಹಾಗೆಯೇ. ಅಷ್ಟು ಹೊತ್ತು ನನ್ನ ಮಗ ಮನೆಯಲ್ಲಿದ್ದ.