ಭತ್ತದ ಚೀಲದ ಹಳದಿ ಗಂಟು

ಕಂಪ್ಲಿ
ಗುರುವಾರ

ಪ್ರೀತಿಯ ಸುಮಂಗಲಕ್ಕ,

ನಿನ್ನೆ ಬೆಳಿಗ್ಗೆ ಫೋನಿನಲ್ಲಿ ನೀನು ‘ಅದು ಮುಡಿಪಲ್ಲೋ ಪಂಪೇಶ, ನನ್ನ ರೊಕ್ಕ’ ಎಂದಾಗ ನಾನು ಮಿಲ್ಲಿನ ತೂಕದ ಕಾಟಾದ ಪಕ್ಕ ನಿಂತಿದ್ದೆ. ಚೀಲ ಏರಿಸಿದ್ದ ಹಮಾಲರು ‘ತೂಕ ಹೇಳ್ರಿ’ ಎಂದು ಕೂಗುತ್ತಲೇ ಇದ್ದರಂತೆ. ನನಗೆ ಕೇಳಿಸಲಿಲ್ಲ. ಒಂದು ಕ್ಷಣ ಮುಂಚೆ ನಾನೇ ನಿನಗೆ ಹೆಮ್ಮೆಯಿಂದ ಹೇಳಿದ್ದ ಮಾತು ಕಿವಿಯಲ್ಲಿ ನಿಂತುಬಿಟ್ಟಿತ್ತು: ‘ಹಳದಿ ಗಂಟು ಸಿಕ್ತಕ್ಕ, ಚಿಂತಿ ಮಾಡಬ್ಯಾಡ. ನನ್ನ ಕೈಯಾರೆ ಹುಂಡಿಗೆ ಹಾಕೀನಿ.’

ಗಂಟು ಸಿಕ್ಕ ದಿನ ಏನಾಯಿತು ಎಂಬುದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಂಗಳವಾರ ಮಧ್ಯಾಹ್ನ ಹಮಾಲಿ ಉಚ್ಚೆಂಗೆಪ್ಪ ಚೀಲಗಳ ಬಾಯಿ ಬಿಚ್ಚಿ ಭತ್ತವನ್ನು ಗುಂಡಿಗೆ ಸುರಿಯುತ್ತಿದ್ದ. ಗುಂಡಿಯ ಮೇಲೆ ಕಬ್ಬಿಣದ ಜಾಲರಿ ಇದೆ. ಕಲ್ಲು, ಹಗ್ಗದ ತುಂಡು ಏನಿದ್ದರೂ ಅದರ ಮೇಲೆ ಉಳಿಯುತ್ತವೆ. ಅಂದು ಉಳಿದದ್ದು ಒಂದು ಹಳದಿ ಬಟ್ಟೆಯ ಗಂಟು. ಒಂದು ಮೂಲೆಯಲ್ಲಿ ನೋಟಿನ ಅಂಚು ಕಾಣುತ್ತಿತ್ತು. ಕಸ ಗುಡಿಸುತ್ತಿದ್ದ ದುರ್ಗಕ್ಕ ಚಪ್ಪಲಿ ಬಿಟ್ಟು ಕೈಮುಗಿದಳು. ‘ಬಿಚ್ಚಬ್ಯಾಡ್ರಿ, ಅಮ್ಮನ ಮುಡಿಪೈತಿ.’

ನಮ್ಮ ಕಡೆ ಅದಕ್ಕೆ ಎರಡನೇ ಮಾತಿಲ್ಲ. ಹರಕೆ ಹೊತ್ತು ಅರಿಶಿಣದ ಬಟ್ಟೆಯಲ್ಲಿ ಕಟ್ಟಿಟ್ಟ ಹಣ ದೇವಿಯದು. ಅದನ್ನು ಬಿಚ್ಚುವುದಿಲ್ಲ, ಎಣಿಸುವುದಿಲ್ಲ. ಚಿಕ್ಕವರಿದ್ದಾಗ ನಮ್ಮೂರು ಬಂಡ್ರಿಯಲ್ಲಿ ಮಿಠಾಯಿಗಾಗಿ ಅವ್ವನ ಸೆರಗಿನ ಗಂಟನ್ನೇ ಬಿಚ್ಚಿದವರು ನಾವಿಬ್ಬರು. ದೇವರ ಜಗಲಿಯ ಮೇಲಿನ ಮುಡಿಪನ್ನು ಮಾತ್ರ ಮುಟ್ಟಿದವರಲ್ಲ.

ಮಿಲ್ಲಿನ ಸಾವುಕಾರರು, ‘ಮೊದ್ಲ ಯಾರದಂತ ಕೇಳ್ರೋ’ ಎಂದರು. ಉಚ್ಚೆಂಗೆಪ್ಪ ಬಿಡಲಿಲ್ಲ. ‘ಕೇಳೋದೇನೈತ್ರಿ ಸಾವ್ಕಾರ, ಬಟ್ಟಿನೇ ಹೇಳ್ತೈತಲ್ಲ. ತಡ ಮಾಡಿದ್ರ ಅಮ್ಮ ನಿಮ್ಮ ಕನಸಿನ್ಯಾಗ ಬಂದು ಬಡ್ಡಿ ಕೇಳ್ತಾಳ ನೋಡ್ರಿ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಲಾರಿಯಲ್ಲಿದ್ದದ್ದು ಐದಾರು ಮನೆಗಳ ಭತ್ತ, ಅದರಲ್ಲಿ ನಿಮ್ಮದೂ ಇತ್ತು. ಐದಾರು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಹಣ ಸಿಕ್ಕವರು ಯಾರದು ಎಂದು ಕೇಳಬೇಕು. ನಾವು ಕೇಳುವ ಬದಲು ತೀರ್ಪು ಕೊಟ್ಟೆವು. ಮಿಲ್ಲಿನ ಹಿಂದಿರುವ ಅಮ್ಮನ ಗುಡಿಗೆ ಹೋಗಿ, ಕಾಲು ತೊಳೆದುಕೊಂಡು, ಹುಂಡಿಗೆ ಹಾಕಿ ಬಂದೆ. ಅಂದು ಊಟ ಚೆನ್ನಾಗಿ ಸೇರಿತು.

ನೀನು ಹೇಳಿದ್ದೆಲ್ಲ ತಲೆಗೆ ಇಳಿದದ್ದು ಫೋನ್ ಇಟ್ಟ ಮೇಲೆ. ಮಗಳು ಅನ್ನಪೂರ್ಣಳ ನರ್ಸಿಂಗ್ ಸೀಟಿನ ಹಣ. ಸೋಮವಾರದೊಳಗೆ ಹೊಸಪೇಟೆಯ ಕಾಲೇಜಿಗೆ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಯಾರು ಕೈ ಚಾಚಿದರೂ ಇಲ್ಲ ಎನ್ನಲಾರದ ಗಂಡ. ಅವರ ಕೈ ತಡೆಯುವುದು ಅಮ್ಮನ ಬಟ್ಟೆ ಒಂದೇ ಎಂದು ನೀನು ಹೊಲಿಗೆಯ ದುಡಿಮೆಯನ್ನು ಹಳದಿಯಲ್ಲಿ ಕಟ್ಟಿ, ಮನೆಯ ಊಟಕ್ಕಿಟ್ಟ ಭತ್ತದ ಚೀಲದಲ್ಲಿ ಇಟ್ಟೆ. ವ್ಯಾಪಾರಿಯ ಆಳುಗಳು ಮಾರುವ ಚೀಲಗಳ ಜೊತೆ ಒಳಮನೆಯ ಆ ಚೀಲವನ್ನೂ ಹೊತ್ತೊಯ್ದರು. ‘ಅನ್ನಪೂರ್ಣನ ಕೂಸಿದ್ದಾಗಿನ ಬೆಳ್ಳಿ ಕಡಗಾನೂ ಅದರಾಗೈತೋ’ ಎಂದು ನೀನು ಅತ್ತೆ. ‘ನಿಮ್ಮ ಮಾವಗ ಮಾತ್ರ ಗೊತ್ತಾಗಬಾರದು. ಹೆಂಡ್ತಿ ನಂಬಲಿಲ್ಲ ಅಂತ ಒಳಗೊಳಗ ಕೊರಗ್ತಾರ’ ಎಂದೆ. ನಾನು ಹೂಂ ಎಂದೆ. ನಿನ್ನೆ ಇಡೀ ದಿನ ಗುಡಿಯ ಕಡೆ ಮುಖ ಹಾಕಲು ಆಗಲಿಲ್ಲ. ದೇವಿಗೆ ಕೊಟ್ಟದ್ದನ್ನು ವಾಪಸು ಕೊಡು ಎಂದು ಯಾವ ಬಾಯಿಂದ ಕೇಳುವುದು?

ಇಂದು ಬೆಳಿಗ್ಗೆ ಲಿಂಗರಾಜ್ ಮಾವನೇ ಮಿಲ್ಲಿಗೆ ಬಂದರು. ಚಹಾ ಬೇಡವೆಂದರು. ‘ಪಂಪೇಶ, ಹಳದಿ ಗಂಟು ಇಲ್ಲಿಗೆ ಬಂತೇನು? ನಿಮ್ಮಕ್ಕ ಮೊನ್ನಿ ರಾತ್ರಿ ಇದ್ದಬದ್ದ ಚೀಲ ಎಲ್ಲಾ ಕೆದರಿದ್ಲು, ನಿನ್ನಿಯಿಂದ ಸಪ್ಪಗ ಕುಂತಾಳ.’ ನಾನು ತೊದಲಿದೆ: ‘ಮುಡಿಪಂತ ಹುಂಡಿಗೆ ಹಾಕಿದ್ವಿ ಮಾವ.’

‘ಮುಡಿಪಾದ್ರ ಜಗಲಿ ಮ್ಯಾಲಿರ್ತೈತಿ, ಭತ್ತದಾಗ ಯಾಕಿರ್ತೈತಲೇ? ಅದು ಆಕೀದು. ನಂಗ ಮೊದ್ಲಿಂದ ಗೊತ್ತೈತಿ.’

ಅಕ್ಕ, ಮಾವನಿಗೆ ಗೊತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ನಂಬಿಕೆ ಬರುತ್ತಿಲ್ಲ. ಹೋದ ವರ್ಷ ಇಲಿ ಹೊಕ್ಕಿದೆಯೇ ಎಂದು ಚೀಲದೊಳಗೆ ಕೈ ಹಾಕಿದಾಗ ಸಿಕ್ಕಿತಂತೆ. ಹಾಗೇ ಮುಚ್ಚಿಟ್ಟರಂತೆ. ಯಾಕೆ ಕೇಳಲಿಲ್ಲ ಎಂದೆ. ‘ಕೇಳಿದ್ರ ಆಕಿ ಬ್ಯಾರೆ ಕಡೆ ಇಡ್ತಿದ್ಲು. ಬ್ಯಾರೆ ಬಟ್ಟ್ಯಾಗಿದ್ರ ನಾ ಸುಮ್ಮನಿರ್ತಿದ್ನೇನು? ನನ್ನ ಕೈ ಎಂಥಾದ್ದು ನಂಗ ಗೊತ್ತಿಲ್ಲೇನು?’

ನಾನು ತಡೆಯುವ ಮೊದಲೇ ಗುಡಿಗೆ ನಡೆದರು. ನಾನೂ ದುರ್ಗಕ್ಕನೂ ಹಿಂದೆ ಓಡಿದೆವು. ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿ ಗಂಟು ಕೇಳಿದರು. ಗುಡಿಯ ಹಿರಿಯ ಮುದುಕಪ್ಪ ಕಟ್ಟೆಯ ಮೇಲಿದ್ದ ನಾಲ್ಕು ಜನರ ಎದುರಿಗೇ ಹೀಯಾಳಿಸಿದ. ‘ನಿನ್ನಿಂದ ರೊಕ್ಕ ಉಳಿಸಾಕ ನಿನ್ನ ಹೆಂಡ್ತಿಗೆ ಅಮ್ಮನ ಬಟ್ಟಿ ಬೇಕಾತೇನು? ಎಂಥಾ ಗಂಡಪ್ಪ ನೀನು?’

ಮಾವ ತಲೆ ತಗ್ಗಿಸಲಿಲ್ಲ. ‘ಅಂಥಾವನ ರೀ. ಆಕಿ ಸುಳ್ಳು ಮುಡಿಪು ಕಟ್ಟಿದ್ದು ನನ್ನ ಸಲುವಾಗಿ. ನಗೋರು ನನ್ನ ನೋಡಿ ನಗ್ರಿ. ಆಕಿ ಸುದ್ದಿಗೆ ಹೋಗಬ್ಯಾಡ್ರಿ.’

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಒಳಗೆ ಎಷ್ಟಿದೆ ಹೇಳು ಎಂದ ಮುದುಕಪ್ಪ. ‘ಗೊತ್ತಿಲ್ರಿ. ನಾ ಯಾವತ್ತೂ ಬಿಚ್ಚಿಲ್ಲ’ ಎಂದರು ಮಾವ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ನೀನು ಹೇಳಿದ್ದ ಕಡಗ ನೆನಪಾಯಿತು, ಹೇಳಿದೆ. ಹುಂಡಿಯ ಎರಡು ಬೀಗದ ಕೈಗಳು ಇಬ್ಬರ ಮನೆಯಿಂದ ಬಂದವು. ಹುಂಡಿ ತೆಗೆದು ಗಂಟು ಬಿಚ್ಚಿದಾಗ ನೋಟುಗಳ ನಡುವೆ ಕರಿದಾರ ಸುತ್ತಿದ ಪುಟ್ಟ ಕಡಗ ಇತ್ತು. ದುರ್ಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದುಕಪ್ಪ ಅದನ್ನು ಮಾವನ ಅಂಗೈಗಿಟ್ಟು, ‘ಅಮ್ಮ ಕಾದು ಕೊಟ್ಟಾಳ ತಗೋ. ಸೀಟು ಸಿಕ್ಕ ಮ್ಯಾಲ ಹುಡುಗೀನ ಕರ್ಕೊಂಡು ಬಂದು ಒಂದು ಕಾಯಿ ಒಡಸು’ ಎಂದ.

ಮಾವ ಗುಡಿಯ ಮೆಟ್ಟಿಲ ಮೇಲೆ ಕುಳಿತು ತಾವೇ ಮತ್ತೆ ಗಂಟು ಕಟ್ಟಿ ನನ್ನ ಕೈಗಿಟ್ಟರು. ‘ಹುಂಡಿಗೆ ಹಾಕಿದ್ದಿಲ್ಲ, ಮಿಲ್ಲಿನ್ಯಾಗ ಇಟ್ಟಿದ್ದೆ ಅಂತ ಹೇಳಿ ನಾಳೆ ಕೊಟ್ಟು ಬಾ. ನಾ ಬಂದಿದ್ದು ಹೇಳಬ್ಯಾಡ’ ಎಂದರು. ಹೇಳಬೇಡ ಎಂದರು, ಬರೆಯಬೇಡ ಎನ್ನಲಿಲ್ಲ. ಅದಕ್ಕೇ ಈ ಪತ್ರ. ನಾಳೆ ಗಂಟು, ಪತ್ರ ಎರಡನ್ನೂ ಒಟ್ಟಿಗೆ ನಿನ್ನ ಕೈಯಲ್ಲಿಟ್ಟು ಸುಮ್ಮನೆ ನಿಲ್ಲುತ್ತೇನೆ.

ಬಿಚ್ಚುವ ಮೊದಲು ಗಂಟನ್ನು ಸರಿಯಾಗಿ ನೋಡು. ನೀನು ಕಟ್ಟಿದ್ದು ಅವ್ವ ಕಲಿಸಿದ ಮುಡಿಪಿನ ಗಂಟು. ಈಗಿರುವುದು ಭತ್ತದ ಚೀಲದ ಬಾಯಿಗೆ ಹಾಕುವ ಗಂಟು. ಮಾವನಿಗೆ ಬರುವುದು ಅದೊಂದೇ. ಭಾಳ ಬಿಗಿ ಕಟ್ಟಿದ್ದಾರೆ, ನಿನ್ನೊಬ್ಬಳಿಂದ ಬಿಚ್ಚಲಿಕ್ಕಿಲ್ಲ. ಅವರನ್ನೇ ಕರೆ.

ಅನ್ನಪೂರ್ಣಳ ಕೈಗುಣ ನೂರು ಮನೆಗಳಿಗೆ ಒಳಿತು ಮಾಡಲಿ. ನಿನಗೂ ಮಾವನಿಗೂ ನನ್ನ ನಮಸ್ಕಾರ.

ನಿನ್ನ ತಮ್ಮ,
ಪಂಪೇಶ್