ಹೊಸಬರಿಗೆ ನಾಲ್ಕನೇ ಸೂಚನೆ

ಮಂಗಳವಾರ, ಮಾರ್ಚ್ 12. ಕಾನ್ಕಾರ್ಡ್, ನಾರ್ತ್ ಕೆರೊಲಿನಾ.

ಇವತ್ತೂ ಹಾರ್ಲನ್ ಟೀಗ್‌ನದೇ ತಲೆನೋವು. ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದ ಮನುಷ್ಯ. ಮನೆಯಲ್ಲೇ ಕಂಪ್ಯೂಟರಿಗೆ ಸ್ಟಿಯರಿಂಗ್, ಪೆಡಲ್ ಜೋಡಿಸಿಕೊಂಡು ಓಡಿಸುವ, ನಾನು ನಡೆಸುವ ಆನ್‌ಲೈನ್ ಕಾರ್ ರೇಸಿಗೆ ಸೇರಿ ಮೂರು ವಾರವಾಯಿತು. ಹೊಸಬರಿಗೆಂದು ಬರೆದಿಟ್ಟ ಸೂಚನೆಗಳಲ್ಲಿ ನಾಲ್ಕನೆಯದು ಇಷ್ಟೇ: ಕಾರು ಗಿರ್ರನೆ ತಿರುಗಿದರೆ ಬ್ರೇಕ್ ಒತ್ತಿ ಹಿಡಿದು ನಿಂತುಬಿಡಿ, ಹಿಂದಿನವರು ತಪ್ಪಿಸಿಕೊಂಡು ಹೋಗುತ್ತಾರೆ. ಈತ ಪ್ರತಿ ಸಲವೂ ದಾರಿ ಬಿಡುತ್ತೇನೆಂದು ಬ್ರೇಕ್ ಬಿಡುತ್ತಾನೆ, ಕಾರು ಜಾರಿಕೊಂಡು ಹಿಂದಿನಿಂದ ಬರುವವರ ಎದುರಿಗೇ ಹೋಗುತ್ತದೆ. ಕಳೆದ ವಾರ ಒಂಬತ್ತು ಕಾರು ಜಜ್ಜಿಹೋದವು.

ಇವತ್ತು ರೇಸಿಗೆ ಮೊದಲು ಮೈಕಿನಲ್ಲಿ ಎಲ್ಲರೆದುರೇ ಕೇಳಿದೆ. "ಹಾರ್ಲನ್, ನಾಲ್ಕನೇದು ಓದಿದ್ರಾ?"

"ಓದಿದೀನಿ ಮೇಡಂ. ಆದ್ರೆ ಟ್ರ್ಯಾಕ್ ಮಧ್ಯೆ ಸುಮ್ನೆ ನಿಲ್ಲೋಕೆ ಕಾಲು ಒಪ್ಪಲ್ಲ."

"ಹಂಗಾದ್ರೆ ಕಾಲಿಗೂ ಒಂದ್ಸಲ ಓದಿ ಹೇಳಿ."

ಎಲ್ಲರೂ ನಕ್ಕರು. ನನಗೂ ಖುಷಿಯಾಯಿತು, ಸುಳ್ಳೇಕೆ.

ನಲವತ್ತನೇ ಸುತ್ತಿನಲ್ಲಿ ಗಿರ್ರನೆ ತಿರುಗಿದ್ದು ನನ್ನ ಕಾರು. ಪರದೆ ತುಂಬ ಹೊಗೆ. ಕಾಲು ತಾನಾಗಿ ಬ್ರೇಕ್ ಬಿಟ್ಟಿತು. ಕಾರು ಟ್ರ್ಯಾಕಿನ ಇಳಿಜಾರಿನಲ್ಲಿ ಜಾರಿಕೊಂಡು ಹೋಗಿ, ಜೀವಮಾನದಲ್ಲಿ ಮೊದಲ ಸಲ ಮೂರನೇ ಸ್ಥಾನದಲ್ಲಿದ್ದ ಹಾರ್ಲನ್‌ಗೇ ಗುದ್ದಿತು. ಅವನ ಕಾರೂ ತಿರುಗಿತು. ಅವನು ಬ್ರೇಕ್ ಒತ್ತಿ ಹಿಡಿದು ಕಂಬದ ಹಾಗೆ ನಿಂತ. ಉಳಿದವರೆಲ್ಲ ಅವನನ್ನು ತಪ್ಪಿಸಿಕೊಂಡು ಹೋದರು.

ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಬ್ರೇಕ್ ಪೆಡಲ್ ಕೈಕೊಡ್ತಾ ಮೇಡಂ?" ಎಂದು ಕೇಳಿದ, ನಿಜವಾದ ಕಾಳಜಿಯಿಂದ. ಹೂಂ ಅಂದುಬಿಟ್ಟೆ. ಪೆಡಲಿಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ.

ಶನಿವಾರ ತಾನೇ ಬಂದು ಬಿಚ್ಚಿ ರಿಪೇರಿ ಮಾಡಿಕೊಡುತ್ತಾನಂತೆ. ಅಷ್ಟರೊಳಗೆ ಒಂದೋ ಆ ಪೆಡಲ್ ಕೆಡಬೇಕು, ಇಲ್ಲವೇ ನಾನು ನಿಜ ಒಪ್ಪಿಕೊಳ್ಳಬೇಕು.