ಸಾಕ್ಷಿಯ ಹೂಂ

ಇಚಲಕರಂಜಿ, 18 ಜೂನ್ 2024, ಮಂಗಳವಾರ

ನಾನು ಹೊರಗೆ ಕೂರುವುದಿಲ್ಲ. ಹಲ್ಲಿನ ಡಾಕ್ಟರ್ ಪ್ರಿಯದರ್ಶನಿ ಏನೇ ಹೇಳಲಿ.

ಮೊಮ್ಮಗಳು ಸಾಕ್ಷಿಗೆ ನಾಲ್ಕು ಹೊಸ ದವಡೆಹಲ್ಲು ಬಂದಿವೆ. ಇವು ಹೋದರೆ ಮತ್ತೆ ಬರುವುದಿಲ್ಲ. ಹುಳುಕು ಹಿಡಿಯುವ ಮೊದಲೇ ಲೇಪ ಹಾಕಿಸಲು ಕರೆದೊಯ್ದೆ. ರೆಸಿನ್ ಎಂಬ ಲೇಪ ಹೆಚ್ಚು ಬಾಳುತ್ತದೆ, ಆದರೆ ಹಚ್ಚುವಾಗ ಹಲ್ಲು ಒಣಗಿರಬೇಕಂತೆ. ಮಗು ಹೆದರಿತ್ತು, ನಾನು ಕಥೆ ಶುರು ಮಾಡಿದೆ. ಅಲ್ಲೇ ತಪ್ಪಿದ್ದು. ನಮ್ಮಲ್ಲಿ ಕೇಳುವವರು ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ರಾಜ ಕುದುರೆ ಏರಿದ ಕೂಡಲೇ ಸಾಕ್ಷಿ "ಹೂಂ" ಎಂದು ಬಾಯಿ ಮುಚ್ಚಿದಳು. ಹಲ್ಲೆಲ್ಲ ಜೊಲ್ಲು.

"ಅಜ್ಜಾರ, ನಿಮ್ಮ ರಾಜಾನ್ನ ಕರಕೊಂಡು ಹೊರಗ ಕುಂದರ್ರಿ! ಈಕಿಗೆ ಗ್ಲಾಸ್ ಅಯಾನಮರ್ ಅನ್ನೋ ಬ್ಯಾರೆ ಲೇಪ ಹಚ್ತೇನಿ. ಅದು ಹಸೀನೂ ತಡಕೋತೈತಿ, ಆದ್ರ ಲಗೂ ಸವೀತೈತಿ" ಎಂದರು ಡಾಕ್ಟರ್.

"ಈ ಒಂದಕ್ಕ ಅದನ್ನ ಹಚ್ರಿ. ಉಳದ ಮೂರಕ್ಕ ರೆಸಿನ್ನೇ ಬೇಕು. ಗುರುವಾರ ಬರ್ತೇವಿ. ರಾಜಾನೂ ಬರ್ತಾನ" ಎಂದೆ.

ಸಂಜೆಯಿಂದ ರೂಢಿ ಮಾಡಿಸುತ್ತಿದ್ದೇನೆ. ಹೂಂ ಅನ್ನುವ ಬದಲು ಬೆರಳೆತ್ತಬೇಕು. ಬಾಯಿ ತೆರೆದುಕೊಂಡೇ ಇಡೀ ಕಥೆ ಕೇಳಿದಳು. ಈಗ ಮಲಗಿದ್ದಾಳೆ. ನೋಡೋಣವೆಂದು, ಪಕ್ಕದ ಮಗ್ಗಗಳ ಸದ್ದಿನ ನಡುವೆ, "ರಾಜಾ ಕುದುರಿ ಹತ್ತಿದಾ" ಎಂದು ಮೆಲ್ಲಗೆ ಅಂದೆ.

ಹೊದಿಕೆಯೊಳಗಿಂದ ಒಂದು ಬೆರಳು ಎದ್ದಿತು.